ಹೀರಾಬಾಯಿ ಕೊಡುವ ಟಿಪ್ಸ್

ಜೇವರ್ಗಿಯ ಬ್ಯೂಟಿ ಪಾರ್ಲರಿಗೆ ಅರವತ್ತರ ಹೀರಾಬಾಯಿ ಹುಬ್ಬು ತೀಡಿಸಲು ಬರಲಿ, ಕಣ್ಣಿಗೆ ಕೃತಕ ರೆಪ್ಪೆ ಅಂಟಿಸಿಕೊಳ್ಳಲು ಬರಲಿ, ಟಿಪ್ಸೆಂದು ರೊಕ್ಕ ಕೊಡುವವಳೇ ಅಲ್ಲ. "ಮೈ ಮುಟ್ಟಿ ಸಿಂಗಾರ ಮಾಡಿದಾಕಿಗೆ ಚಿಲ್ಲರೆ ಕೊಡ್ತಾರೇನ್ ಬೇ?" ಎಂದು ಬೈಯುತ್ತಲೇ, ಹಿಂದೆ ತವರೂರು ಅಂದೋಲಾದ ಪಡಸಾಲೆಯಲ್ಲಿ ತನ್ನವ್ವ ಬಳೆಗಾರ್ತಿಗೆ ತುಂಬುತ್ತಿದ್ದಂತೆ, ಅಕ್ಕಿ, ಕೊಬ್ಬರಿ, ಕುಬಸದ ಖಣ ಹಾಕಿ ಹುಡುಗಿಯರ ಉಡಿ ತುಂಬುತ್ತಾಳೆ. ಸೆರಗಿಲ್ಲದ ಚೂಡಿದಾರದವರು ಏಪ್ರನ್ ಒಡ್ಡಬೇಕು. ಆಕೆ ಹೋದ ಮೇಲೆ ಕೂದಲಿನ ಜೊತೆ ಅಕ್ಕಿಯನ್ನೂ ಗುಡಿಸಬೇಕು. ಮೊನ್ನೆ ರೆಪ್ಪೆ ಅಂಟಿಸಿದ ಹೊಸಬಳು ನೀತಾ ಹಿಂದೆ ಸರಿದಳು. "ನನಗ ಬ್ಯಾಡ್ರಿ, ನಮ್ಮನಿಯವರು ತೀರ್ಕೊಂಡಾರ್ರಿ." ಹೀರಾಬಾಯಿಯ ಹೊಸ ರೆಪ್ಪೆಗಳು ಒಮ್ಮೆ ಪಟಪಟಿಸಿದವು. "ನಮ್ಮ ಬಳಿಗಾರ್ತಿ ಹುಸೇನಬೀಗೂ ಗಂಡ ಇದ್ದಿಲ್ಲ. ಅವ್ವ ಮೊದಲ ಆಕಿದೇ ಉಡಿ ತುಂಬತಿದ್ಲು. ಹಿಡಿ ಏಪ್ರನ್!"