ಪರದೆಯ ಹಿಂದಿನ ಉಸಿರು

ಬೆಳಗಿನ ಜಾವ. ಮಾಳಿಗೆಯ ಮೇಲೆ, ನೀರಿನ ಟ್ಯಾಂಕಿಗೂ ಒಣಹಾಕಿದ ಚಾದರಗಳಿಗೂ ನಡುವೆ ನಿಂತು ಮಾರ್ತೀಸ್ ಗಂಟಲು ಸಡಿಲಿಸುತ್ತಿದ್ದಾರೆ. ದನಿ ಮೆಲ್ಲಗೆ ಏರುತ್ತದೆ, ಮೂಗಿನಲ್ಲಿ ಒಮ್ಮೆ ಉಸಿರೆಳೆದುಕೊಳ್ಳುತ್ತಾರೆ, ಮತ್ತೆ ಏರುತ್ತದೆ. ಪಕ್ಕದ ಮಾಳಿಗೆಯಿಂದ ಪಾರಿವಾಳ ಸಾಕುವ ಸಾಲ್ವು ಕೂಗುತ್ತಾನೆ: "ಏ ಮಾರ್ತೀಸ್, ನಿನ್ನ ದೆಸೆಯಿಂದ ನನ್ ಪಾರಿವಾಳ ಮೊಟ್ಟೆ ಇಡೋದೇ ಬಿಟ್ಟಿವೆ ಕಣಮ್ಮಾ!"

"ಅವು ಗಂಡು ಕಣೋ! ಮೊದ್ಲು ಅದನ್ನ ನೋಡ್ಕೋ!"

ಮಾಲ್ಟಾ ದ್ವೀಪದ ಕೊರ್ಮಿ ಊರಿನ ಈ ಬೀದಿಗೆ ಮಾರ್ತೀಸ್ ಬುಜೆಯಾ ಅಂದರೆ ಬ್ರೆಡ್ಡಿನ ಅಂಗಡಿಯ ಮಾರ್ತೀಸ್, ಅಷ್ಟೇ. ಯೂರೋಪಿನ ಹಾಡಿನ ಸ್ಪರ್ಧೆ ಟಿವಿಯಲ್ಲಿ ಬರುವ ದಿನ ಇಡೀ ಮಾಲ್ಟಾ ಕೆಲಸ ಬಿಟ್ಟು ಕೂರುತ್ತದಲ್ಲ, ಆಗ ನಮ್ಮ ದೇಶದ ಪರವಾಗಿ ಹಾಡುವ ಹುಡುಗಿಯ ಹಾಡಿನ ಕೊನೆಗೆ ಮೈ ಜುಮ್ಮೆನ್ನಿಸುವ ಆ ಮೇಲಿನ ಸ್ವರ ಇವರದು. ಗಾಯಕಿಯರು ಬದಲಾಗುತ್ತಾರೆ, ಇವರು ಮಾತ್ರ ವರ್ಷ ವರ್ಷವೂ ಪರದೆಯ ಹಿಂದೆ, ವೈರುಗಳ ಮಧ್ಯೆ ನಿಂತು ಹಾಡುತ್ತಾರೆ. ಕ್ಯಾಮೆರಾ ಆ ಕಡೆ ತಿರುಗುವುದೇ ಇಲ್ಲ.

ಊರಿಗೆ ಮರಳಿದಾಗ ವಿಮಾನ ನಿಲ್ದಾಣದಲ್ಲಿ ಬ್ಯಾಂಡು ಬಾರಿಸಿ ಗಾಯಕಿಯನ್ನು ಎತ್ತಿ ಮೆರೆಸುತ್ತಾರೆ. ಮಾರ್ತೀಸ್ ಚೀಲ ಎಳೆದುಕೊಂಡು ಬಸ್ಸಿಗೆ ಕಾಯುತ್ತಾರೆ. ಅವರ ಬಗ್ಗೆ ಬರೆಯಲು ಬಂದಿರುವ ನನಗೆ ಅವರೇ ಹೇಳುತ್ತಾರೆ: "ನಾನೂ ಚಪ್ಪಾಳೆ ಹೊಡಿತೀನಿ. ಯಾರಿಗೆ ಅಂತ ಕೇಳ್ಬೇಡಿ, ನಂಗೇ ಗೊತ್ತಾಗಲ್ಲ."

ಈ ವರ್ಷ ಗೊಂದಲ ಇನ್ನೂ ಹೆಚ್ಚು. ಹಿನ್ನೆಲೆಯ ದನಿಯನ್ನು ಮೊದಲೇ ಮುದ್ರಿಸಿಕೊಂಡರೆ ಸಾಕು, ನೀವು ಬರುವುದು ಬೇಡ ಎಂದಿದ್ದಾರೆ ತಂಡದವರು. ಹಾಡಿಸಿ ಮುದ್ರಿಸಿಯೂ ಆಗಿದೆ. ಅದನ್ನು ಬಳಸಲು ಒಪ್ಪಿಗೆಯೋ ಅಲ್ಲವೋ ಎಂದು ಇವತ್ತು ಸಂಜೆಯೊಳಗೆ ಹೇಳಬೇಕು.

"ಬೇಡ ಅಂದ್ರೆ ಬೇರೆಯವ್ರನ್ನ ಕರೀತಾರೆ. ಹೂಂ ಅಂದ್ರೆ ನಾನಿಲ್ದೆ ನನ್ನ ದನಿ ವಿಮಾನ ಹತ್ತುತ್ತೆ. ಆಗ ಅಲ್ಲಿ ಹಾಡೋದು ಯಾರು? ನಾನಾ, ಆ ಯಂತ್ರಾನಾ? ನೀವು ಬರೆಯೋರು, ನೀವೇ ಹೇಳಿ."

ಅವರು ಕೊಟ್ಟಿದ್ದ ಪಸ್ತಿಜ್ಜಿಯನ್ನು, ಚೀಸ್ ತುಂಬಿದ ಆ ಬಿಸಿ ಪಫನ್ನು, ಬಾಯಿಗಿಟ್ಟುಕೊಂಡು ಬಚಾವಾದೆ.

ಕೆಳಗಿಳಿದು ಬಂದರೆ ಅಡುಗೆಮನೆಯಲ್ಲಿ ತಾಯಿ ಚೆನ್ಸಾ ಅವರೆಕಾಯಿ ಬಿಡಿಸುತ್ತಿದ್ದಾರೆ. ಮಗಳನ್ನು ಟಿವಿಯಲ್ಲಿ ಹುಡುಕಿ ಹುಡುಕಿ ಸೋತು, ಪ್ರತಿ ವರ್ಷ ಯಾರೋ ಒಬ್ಬ ಕುಣಿಯುವ ಹುಡುಗಿಯನ್ನು ತೋರಿಸಿ ಇವಳೇ ನನ್ನ ಮಗಳು ಎಂದು ಬೀದಿಗೆಲ್ಲ ಹೇಳಿಕೊಂಡು ಬಂದವರು ಈಕೆ. "ಹೋದ ವರ್ಷದ ಆ ನೀಲಿ ಲಂಗದವಳು ನೀನೇ ತಾನೇ? ಸಪೂರ ಕಾಣ್ತಿದ್ದೆ."

"ಅಲ್ಲಮ್ಮಾ, ಎಷ್ಟು ಸಲ ಹೇಳ್ಲಿ!"

ಮಾರ್ತೀಸ್ ಫೋನಿನಲ್ಲಿ ಮುದ್ರಿಸಿದ ಹಾಡು ಹಾಕುತ್ತಾರೆ. ಮೇಲಿನ ಸ್ವರ ಬರುತ್ತದೆ, ಒರೆಸಿದ ಕನ್ನಡಿಯ ಹಾಗೆ ಥಳಥಳ. ಚೆನ್ಸಾ ತಲೆ ಎತ್ತುವುದಿಲ್ಲ.

"ಚೆನ್ನಾಗಿದೆ. ಯಾರಿದು?"

"ನಾನೇ ಅಮ್ಮಾ."

"ಹೋಗೇ. ನೀನು ಮೇಲಕ್ಕೇರೋ ಮುಂಚೆ ಮೂಗಲ್ಲಿ ಉಸಿರೆಳ್ಕೊಳ್ತೀಯ, ಚಿಕ್ಕೋಳಿದ್ದಾಗ ಅಳೋ ಮುಂಚೆ ಎಳ್ಕೊಳ್ತಿದ್ದ ಹಾಗೆ. ಟಿವೀಲಿ ಅದು ಕೇಳಿದ ಮೇಲೇನೇ ನಾನು ಹುಡುಕೋಕೆ ಶುರು ಮಾಡೋದು. ಇದ್ರಲ್ಲಿ ಅದೆಲ್ಲಿದೆ?"

ಮಾರ್ತೀಸ್ ಅಲ್ಲೇ ಕುರ್ಚಿಯ ಮೇಲೆ ಕುಸಿದು ಕೂರುತ್ತಾರೆ. ಇಷ್ಟು ವರ್ಷ ತನ್ನನ್ನು ಯಾರೂ ಗುರುತಿಸಿಲ್ಲ ಎಂದುಕೊಂಡಿದ್ದವರ ಕಣ್ಣು ತುಂಬಿದೆ. ನನ್ನದೂ, ಹೇಳಿಬಿಡುತ್ತೇನೆ. ಸಂಜೆಯವರೆಗೆ ಕಾಯದೆ ಹಾಡು ಮುದ್ರಿಸಿದ ಹುಡುಗನಿಗೆ ಮಾರ್ತೀಸ್‌ರಿಂದ ಫೋನು ಹೋಗುತ್ತದೆ.

"ಉಸಿರಿನ ಸದ್ದು ತೆಗೆದಿದೀಯಲ್ಲ, ವಾಪಸ್ ಹಾಕು."

"ಅದು ದೋಷ ಮೇಡಂ, ಅದಕ್ಕೇ ತೆಗೆದಿದ್ದು."

"ದೋಷ ಆದ್ರೂ ನಂದೇ ಕಣಪ್ಪ. ಹಾಕಿದ್ರೆ ಹೂಂ, ಇಲ್ದಿದ್ರೆ ಬೇರೆಯವ್ರನ್ನ ನೋಡ್ಕೊಳ್ಳಿ."

ಆ ಕಡೆ ಯಾರ ಜೊತೆಗೋ ಗುಸುಗುಸು. ಆಮೇಲೆ, ಆಯ್ತು ಎಂಬ ಉತ್ತರ.

ಸರಿಯಾಗಿ ಮಾಡಿದೆನೋ ಇಲ್ಲವೋ ಎಂಬುದು ಮಾರ್ತೀಸ್‌ಗೆ ಈಗಲೂ ಬಗೆಹರಿದಿಲ್ಲ. ಒಂದು ಮಾತ್ರ ಅವರಿಗೆ ಖಾತ್ರಿ.

"ಸ್ಪರ್ಧೆಯ ದಿನ ಮೊದಲನೇ ಸಲ ಅಮ್ಮನ ಪಕ್ಕ ಕೂತು ನೋಡ್ತೀನಿ. ಆ ಉಸಿರು ಬಂದಾಗ ನಾನೇನಾದ್ರೂ ಮಾತಾಡಿದ್ರೆ ಅಮ್ಮ ತೊಡೆ ಚಿವುಟಿ ಹೇಳ್ತಾಳೆ ನೋಡಿ, 'ಸುಮ್ನಿರೇ, ನನ್ನ ಮಗಳು ಹಾಡ್ತಿದಾಳೆ!'"