ಗದ್ದೆಗೆ ಬಂದ ಸವತಿ

ನನ್ನ ಸವತಿಗೆ ನಾಲ್ಕು ಕಾಲು. ಕೆಂದ ಬಣ್ಣ, ಹಣೆಯ ಮೇಲೊಂದು ಬಿಳಿ ಬೊಟ್ಟು, ಕಾಡಿಗೆ ತೀಡಿದ ಹಾಗಿರುವ ಕಣ್ಣು. ಚೆಂದವಿಲ್ಲ ಎಂದು ಹೇಳೋಣವೆಂದರೆ ನಾಲಿಗೆ ಏಳುವುದಿಲ್ಲ. ಅದೇ ನನ್ನ ಸಂಕಟ.

ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ದಾರಿಯಲ್ಲಿನ ಊರು ನಮ್ಮದು. ನಾಲೆ ನೀರಿನ ಭತ್ತದ ಗದ್ದೆ. ಮದುವೆಯಾಗಿ ಬಂದ ವರ್ಷದಿಂದ ಆ ಕೆಸರಿನಲ್ಲಿ ಬಗ್ಗಿ ನಾಟಿ ಹಾಕಿದವಳು, ಕಳೆ ಕಿತ್ತವಳು ನಾನು. ಮೂರು ವರ್ಷದ ಕೆಳಗೆ ಒಂದು ಬೆಳಿಗ್ಗೆ ನಮ್ಮ ಯಜಮಾನರು ರೊಟ್ಟಿ ಮುರಿಯುತ್ತಾ, "ಈ ಸಲ ಭತ್ತ ಬ್ಯಾಡ ಕಣೆ. ಗದ್ದೆಗೆಲ್ಲ ಉಲ್ಲು ಆಕವ, ಅಸ ಕಟ್ಟವ. ಆಳು ಸಿಕ್ಕಲ್ಲ, ನಿನ್ ಸೊಂಟನೂ ಮೊದಲಿನಂಗಿಲ್ಲ" ಅಂದರು.

ನನ್ನ ಸೊಂಟದ ಮಾತು ಯಾಕೆ ಬೇಕಿತ್ತು? ಅರವತ್ತಕ್ಕೆ ಅರಳು ಮರಳು ಅಂದುಕೊಂಡೆ. ನೋಡನೋಡುತ್ತಿದ್ದಂತೆ ಒಳಗಿನ ಬದುಗಳೆಲ್ಲ ನೆಲಸಮವಾದವು. ಸುತ್ತ ಕಲ್ಲುಕಂಬ, ತಂತಿ. ಗದ್ದೆಯನ್ನು ನಾಲ್ಕು ಭಾಗ ಮಾಡಿ ಒಂದರಲ್ಲಿ ಮೇಯಿಸುವುದು, ಅದು ಮುಗಿದರೆ ಮುಂದಿನದಕ್ಕೆ ಬಿಡುವುದು. ಅಷ್ಟರಲ್ಲಿ ಮೊದಲಿನದು ಮತ್ತೆ ಚಿಗುರುತ್ತದಂತೆ. ಪಕ್ಕದ ಮನೆಯ ತಂಗಿ ಬಂದು ನೋಡಿ, "ಅಕ್ಕಾ, ನಿಮ್ ಗದ್ದೇಲಿ ಈ ಸಲ ಕಳೆ ಬಲು ಚೆಂದಾಗಿ ಬಂದದೆ ಕಣಕ್ಕಾ" ಎಂದು ನಕ್ಕಳು. ಭತ್ತದ ಮನೆಯವಳು ಅಂಗಡಿಯಿಂದ ಅಕ್ಕಿ ತರಿಸುವಾಗ ಮುಖ ಎಲ್ಲಿಟ್ಟುಕೊಳ್ಳಬೇಕು ಹೇಳಿ.

ನನ್ನ ಕೈಗಂತೂ ಈ ಬದಲಾವಣೆ ತಿಳಿಯಲೇ ಇಲ್ಲ. ಗದ್ದೆಗೆ ಇಳಿದರೆ ಅದು ತಾನಾಗಿ ಗರಿಕೆಗೆ ಹೋಗುತ್ತಿತ್ತು. ಒಂದು ದಿನ ಮಾತಾಡುತ್ತಾ ಮಡಿಲು ತುಂಬ ಗರಿಕೆಯನ್ನು ಬೇರುಸಮೇತ ಕಿತ್ತು, ಬಿಸಿಲಿಗೆ ಒಣಗಲಿ ಎಂದು ಕಲ್ಲಿನ ಮೇಲೆ ಹರವಿಬಿಟ್ಟೆ. ಯಜಮಾನರು ಎದ್ದೆನೋ ಬಿದ್ದೆನೋ ಎಂದು ಓಡಿ ಬಂದರು.

"ಅಯ್ಯೋ, ಅದು ಅವಳ ಊಟ ಕಣೆ!"

ಅವಳ ಊಟ! ನನ್ನ ಊಟವಾಯಿತೇ ಎಂದು ಈ ಮನುಷ್ಯ ಯಾವತ್ತಾದರೂ ಕೇಳಿದ್ದುಂಟೇ?

ಹಸುಗಳು ಮೂರು. ಉಳಿದೆರಡರ ಮೇಲೆ ನನಗೆ ಎಳ್ಳಷ್ಟೂ ಹೊಟ್ಟೆಕಿಚ್ಚಿಲ್ಲ, ಅವು ಪಾಪ, ಹಸುಗಳು. ಈ ಕೆಂದ ಬಣ್ಣದವಳ ಸಂಗತಿಯೇ ಬೇರೆ. ನಾನು ನಾಟಿ ಹಾಕುವಾಗ ಒಂದು ಗಳಿಗೆ ನಿಂತು ನೋಡದವರು, ಅವಳು ಮೇಯುವುದನ್ನು ನೋಡಲು ಸಂಜೆಯೆಲ್ಲ ಬದುವಿನ ಮೇಲೆ ಕೂರುತ್ತಾರೆ. ನರಸೀಪುರದ ಸಂತೆಯಿಂದ ಒಮ್ಮೆ ಹರಳೆಣ್ಣೆ ತಂದರು. ನನ್ನ ಮಂಡಿಗಿರಬೇಕೆಂದು ಹಿಗ್ಗಿದೆ. ಅವಳ ಕೊಂಬಿಗೆ ಹಚ್ಚಿದರು!

ಹಾಲು ಕರೆಯುವಾಗ ಅವರ ದನಿ ಕೇಳಬೇಕು. "ಬಾರವ್ವ ನನ್ ಬಂಗಾರಿ, ಇಳಿಸು ಕಂದ." ನನ್ನನ್ನು ಕರೆಯುವುದು ಮಾತ್ರ "ಏಯ್ ಇವ್ಳೇ." ಕೊಟ್ಟಿಗೆಯ ಗೋಡೆಯಾಚೆ ಬೂಸಾ ಬಕೆಟ್ಟು ಹಿಡಿದು ನಿಂತು ನಾನದನ್ನು ಕೇಳುತ್ತಿದ್ದೆ. ಒಳಗೆ ಹೋಗುತ್ತಿರಲಿಲ್ಲ. ಹೋದರೆ ಆ ದನಿ ನಿಂತುಹೋಗುತ್ತಿತ್ತು. ಗಂಟಲಲ್ಲಿ ಅಂಥದ್ದೊಂದು ದನಿ ಇಟ್ಟುಕೊಂಡೇ ಇಷ್ಟು ವರ್ಷ ನನ್ನೊಡನೆ ಬಾಳಿದರಲ್ಲ, ಅದು ನನ್ನ ಹೊಟ್ಟೆ ಉರಿಸಿತು. ಒಂದೇ ಒಂದು ಸಲ ಅದು ನನಗೆ ಸಿಗಲಿ ಅನ್ನಿಸುತ್ತಿತ್ತು.

ಈ ವರ್ಷ ಅವರ ಕಣ್ಣಿಗೆ ಪೊರೆ ಬಂತು. ಮೈಸೂರಿನಲ್ಲಿ ಆಪರೇಷನ್ ಮಾಡಿಸಿ, ದೂಳು ತಾಕಬಾರದು, ಬಗ್ಗಬಾರದು ಎಂದು ಕೆಲವು ದಿನ ಅಲ್ಲೇ ಮಗಳ ಮನೆಯಲ್ಲಿ ಇರುವುದೆಂದಾಯಿತು. ಬಸ್ಸು ಹತ್ತಿದ ಮೇಲೂ ಕಿಟಕಿಯಿಂದ ತಲೆ ಹಾಕಿ, "ಅವಳ್ನ ಚೆನ್ನಾಗಿ ನೋಡ್ಕೊ" ಅಂದರು. ನನ್ನನ್ನು ಯಾರು ನೋಡ್ಕತಾರೆ ಎಂದು ಕೇಳುವಷ್ಟರಲ್ಲಿ ಬಸ್ಸು ಹೊರಟುಹೋಯಿತು.

ಅವತ್ತು ಸಂಜೆ ಉಳಿದೆರಡು ಹಸುಗಳು ಕೊಟ್ಟವು. ಕೆಂದ ಹಸು ಹಾಲು ಇಳಿಸಲೇ ಇಲ್ಲ. ಕರು ಬಿಟ್ಟರೆ ಕರುವಿಗೆ ನಾಲ್ಕು ಗುಟುಕು. ನಾನು ಹೋಗಿ ಕೂತರೆ ಹಾಲನ್ನೆಲ್ಲ ಮೇಲಕ್ಕೆಳೆದುಕೊಳ್ಳುವಳು. ಪಕ್ಕದ ಮನೆಯ ತಂಗಿ, "ಅಣ್ಣನ ಅಂಗಿ ಆಕ್ಕೊಂಡು ಕೂತ್ಕೊ ಅಕ್ಕಾ, ವಾಸ್ನೆಗೆ ಬುಡ್ತದೆ" ಅಂದಳು. ಸೀರೆಯ ಮೇಲೆ ಅವರ ಅಂಗಿ ತೊಟ್ಟು, ತಲೆಗೆ ಅವರ ಟವೆಲು ಸುತ್ತಿ ಹೋದೆ. ಅವಳು ಅಂಗಿಯನ್ನು ಮೂಸಿದಳು, ನನ್ನ ಮುಖ ನೋಡಿದಳು, ಬಕೆಟ್ಟು ಒದ್ದಳು. ಕರೆಯುವ ಹಸು ಒದ್ದರೆ ಒದೆಸಿಕೊಳ್ಳಬೇಕಂತೆ. ಕರೆಯಲೂ ಬಿಡದೆ ಒದೆಯುವವಳಿಗೆ ಏನನ್ನೋಣ?

ಬೆಳಿಗ್ಗೆಯ ಹೊತ್ತಿಗೆ ಕೆಚ್ಚಲು ಬಿಗಿದು ಕಲ್ಲಾಗಿತ್ತು, ಮುಟ್ಟಿದರೆ ಬಿಸಿ. ಹೀಗೇ ಬಿಟ್ಟರೆ ಕೆಚ್ಚಲು ಬಾವು ಬರುತ್ತದೆ. ಎಷ್ಟೇ ಸವತಿಯಾದರೂ ಅವಳು ಕಾಲು ಬದಲಿಸುತ್ತಾ ನರಳುವುದನ್ನು ನೋಡಲಾಗಲಿಲ್ಲ. ಮಗಳ ಮನೆಗೆ ಫೋನ್ ಮಾಡಿದೆ. ನೀನು ಹೇಗಿದ್ದೀಯ ಎಂದು ಅವರು ಕೇಳಲಿಲ್ಲ, ಬಿಡಿ.

"ಫೋನ್ನ ಅವಳ ಕಿವಿ ತಾವ ಇಡು. ಜೋರಾಗಿ ಕೇಳಂಗೆ ಮಾಡು" ಅಂದರು.

ಸ್ಪೀಕರ್ ಒತ್ತಿ ಅವಳು ಮೇವು ತಿನ್ನುವ ಗೋದಲಿಯ ಮೇಲಿಟ್ಟು, ಬಕೆಟ್ಟು ಹಿಡಿದು ಕೂತೆ.

"ಬಾರವ್ವ ನನ್ ಬಂಗಾರಿ."

ಅವಳ ಕಿವಿ ನೆಟ್ಟಗಾಯಿತು, ಮೆಲುಕು ನಿಂತಿತು. ನನ್ನ ಕೈಯಲ್ಲಿ ಮೊಲೆ ಸಡಿಲವಾಗಿ ಹಾಲು ಸೊರ್ರೆಂದು ಬಿತ್ತು. ಅವಳ ಹೊಟ್ಟೆಗೆ ಕೆನ್ನೆ ಆನಿಸಿ ಕರೆಯುತ್ತಲೇ ಇದ್ದೆ, ಒಳಗೊಳಗೇ ಬೇಯುತ್ತಲೂ ಇದ್ದೆ.

"ನೀನಿಲ್ದೆ ಇಲ್ಲಿ ಒತ್ತೇ ಓಗಲ್ಲ ಕಣವ್ವ. ಸರಿಯಾಗಿ ನಿದ್ದೆನೂ ಬರಲ್ಲ. ಮುನಿಸ್ಕೋಬ್ಯಾಡ ಕಂದ, ಬಿರ್ರನೆ ಬತ್ತೀನಿ. ಊಟ ಮಾಡ್ದಾ?"

ಕೆಚ್ಚಲು ಮೆತ್ತಗಾಯಿತು. ಬಕೆಟ್ಟು ನೊರೆ ತುಂಬಿ ಅಂಚಿಗೆ ಬಂದಿತ್ತು. ಅವಳು ನಿರಾಳವಾಗಿ ಹುಲ್ಲಿಗೆ ಬಾಯಿ ಹಾಕಿದಳು, ಇನ್ನು ಅವಳಿಗೆ ಯಾರ ಮಾತೂ ಬೇಕಿರಲಿಲ್ಲ.

"ಏಯ್ ಇವ್ಳೇ, ಇಳಿಸಿದ್ಲಾ?"

ಬಕೆಟ್ಟನ್ನು ಪಕ್ಕಕ್ಕಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡೆ. ಗೋದಲಿಯ ಮೇಲಿದ್ದ ಫೋನನ್ನು ಎತ್ತಿ, ಸ್ಪೀಕರ್ ಆರಿಸಿ, ನನ್ನ ಕಿವಿಗೆ ಇಟ್ಟುಕೊಂಡೆ.

"ಇನ್ನೂ ಇಲ್ಲ" ಅಂದೆ. "ಅಂಗೇ ಮಾತಾಡ್ತಾ ಇರಿ."