ಜತ್ತಪ್ಪನ ಬೈಕಿನ ಕ್ಲಚ್ಚು

ರಾಮಕುಂಜದ ಜತ್ತಪ್ಪ ಯಾರನ್ನೂ ನಂಬುವ ಜನ ಅಲ್ಲ. ನನ್ನ ಅಂಗಡಿಗೆ ಕಾಳುಮೆಣಸು ತಂದರೆ ತಕ್ಕಡಿಯ ಅಡಿಗೂ ಬಗ್ಗಿ ನೋಡುತ್ತಾನೆ. ಈಚೆಗೆ ಅವನ ಬೈಕು ಕ್ಲಚ್ ಹಿಡಿದರೂ ಮುಂದಕ್ಕೆ ಜಗ್ಗುತ್ತಿತ್ತು. ಹೆದರಿದ ಹೆಂಡತಿ ಸೇವಂತಿ ಹಿಂದೆ ಕೂರುವುದನ್ನೇ ಬಿಟ್ಟಿದ್ದಳು.

“ಸರ್ವಿಸಿಗೆ ಬಿಟ್ಟಾಗ ಒಳ್ಳೆ ಕ್ಲಚ್ ಪ್ಲೇಟು ತೆಗೆದು ಹಳತು ಹಾಕಿದ್ದೀಯಲ್ಲ!” ಎಂದು ಜತ್ತಪ್ಪ ನನ್ನ ಅಂಗಡಿ ಪಕ್ಕದ ಗ್ಯಾರೇಜಿನ ರೂಪೇಶನ ಮೇಲೆ ಹರಿಹಾಯ್ದ.

ರೂಪೇಶ ಕ್ಲಚ್ ಒತ್ತಿ ನೋಡಿದ. “ಲಿವರ್ ಪೂರ್ತಿ ಒಳಗೆ ಬರುದಿಲ್ಲ ಮಾರಾಯ್ರೆ. ಹ್ಯಾಂಡಲಿಗೆ ಇಷ್ಟು ದಪ್ಪ ರಬ್ಬರ್ ಟ್ಯೂಬ್ ಸುತ್ತಿದ್ದು ಯಾರು?”

“ನಾನೇ. ಹೊಸ ಗ್ರಿಪ್ಪು, ಯಾರಾದರೂ ಎಳೆದುಕೊಂಡು ಹೋದರೆ ಎಂತ ಮಾಡುದು?”

“ಕಳ್ಳ ಸಿಕ್ಕಿದ,” ಎಂದಳು ಹಿಂದೆಯೇ ನಡೆದು ಬಂದಿದ್ದ ಸೇವಂತಿ.

ಟ್ಯೂಬ್ ಬಿಚ್ಚಿದ ಮೇಲೆ, ಕ್ಲಚ್ ಹಿಡಿದು ಗೇರು ಹಾಕಿದರೂ ಬೈಕು ಕದಲಲಿಲ್ಲ. ಅವಳು ಹತ್ತಿ ಕೂತಳು. ಜತ್ತಪ್ಪ ಮಾತ್ರ ಟ್ಯೂಬನ್ನು ಮಡಚಿ ಕಿಸೆಗೆ ಹಾಕಿಕೊಂಡ. ಅದು ರೂಪೇಶನ ಕೈಗೆ ಸಿಗಬಾರದಲ್ಲ!